ನಾರ್ಮಲ್ ಸ್ಕೂಲ್ ‘ಸಾಮಾನ್ಯ ಶಾಲೆ’ ಅಲ್ಲ

ಹತ್ತೊಂಬತ್ತನೆಯ ಶತಮಾನದ ಅಮೆರಿಕನ್ ಶಿಕ್ಷಕಿಯೊಬ್ಬಳು ‘ಸಾಮಾನ್ಯ ಶಾಲೆಯಲ್ಲಿ ಓದಿ’ ಮೇಲೆ ಬಂದಳೆಂದು ಯಾರೋ ಕನ್ನಡದಲ್ಲಿ ಬರೆದದ್ದನ್ನು ಮತ್ತೊಮ್ಮೆ ಓದಬೇಕಾಯಿತು. ಬಡತನದಲ್ಲಿ ಅರಳಿದ ಪ್ರತಿಭೆ ಎಂಬ ಒಗ್ಗರಣೆ ಬೇರೆ! ಆಕೆ ಓದಿದ್ದು ನಾರ್ಮಲ್ ಸ್ಕೂಲಿನಲ್ಲಿ, ಅಂದರೆ ಶಿಕ್ಷಕರನ್ನು ತಯಾರು ಮಾಡುವ ಶಾಲೆಯಲ್ಲಿ. ಹತ್ತೊಂಬತ್ತನೆಯ ಶತಮಾನದ ಶಿಕ್ಷಣಾಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರ ಕಾಲದ ಬೆಳಗಾವಿ, ಧಾರವಾಡಗಳಲ್ಲಿ ಈ ಹೆಸರು ಕೇಳಿದವರು ಹೀಗೆ ಎಡವುತ್ತಿರಲಿಲ್ಲ. ಇಂಗ್ಲಿಷ್ ಹೆಚ್ಚು ಬಲ್ಲ ನಾವು ಎಡವುತ್ತಿದ್ದೇವೆ.

ಲ್ಯಾಟಿನ್ನಿನ ‘ನಾರ್ಮ’ ಎಂದರೆ ಬಡಗಿಯ ಮೂಲೆಮಟ್ಟ. ಕೂಡಿಸಿದ ಮೂಲೆ ನೆಟ್ಟಗಿದೆಯೇ ಎಂದು ನೋಡುವ ಸಾಧನ ಅದು. ಗಣಿತದವರು ಲಂಬಕ್ಕೆ ಇಂದಿಗೂ ನಾರ್ಮಲ್ ಎನ್ನುವುದು ಅದರಿಂದಲೇ. ಮೂಲೆಮಟ್ಟದಿಂದ ‘ಅಳತೆಗೋಲು’, ಅಲ್ಲಿಂದ ‘ಮಾದರಿ’ ಎಂಬ ಅರ್ಥ ಬಂದವು. ‘ಎಲ್ಲರಲ್ಲೂ ಇರುವಂಥದ್ದು’ ಎಂಬ ಇಂದಿನ ಬಳಕೆ ಬಂದದ್ದು ತಡವಾಗಿ. ಮರಿಯಾ ತೆರೇಸಾ ರಾಣಿಯ ಆಸ್ಟ್ರಿಯಾದಲ್ಲಿ 1774ರ ಶಾಲಾ ಶಾಸನದ ಹೊತ್ತಿಗೆ ‘ನಾರ್ಮಲ್‌ಶೂಲೆ’ ಎಂದರೆ ಉಳಿದ ಶಾಲೆಗಳು ನೋಡಿ ನಡೆಯಬೇಕಾದ ಮಾದರಿ ಶಾಲೆ. ಕ್ರಾಂತಿಯ ಫ್ರಾನ್ಸ್ 1794ರಲ್ಲಿ ಎಕೋಲ್ ನಾರ್ಮಾಲ್ ಸ್ಥಾಪನೆಗೆ ಆದೇಶ ಹೊರಡಿಸಿತು. ಅಲ್ಲಿ ಪಾಠ ಹೇಳಿದವರಲ್ಲಿ ಮಹಾ ಗಣಿತಜ್ಞರಾದ ಲಗ್ರಾಂಜ್, ಲಪ್ಲಾಸ್ ಇದ್ದರು. ಇದನ್ನೇ ‘ಸಾಮಾನ್ಯ’ ಎನ್ನುವವರಿಗೆ ಅಸಾಮಾನ್ಯ ಎಂದರೆ ಏನಿರಬಹುದೋ! ಜಪಾನಿಗರು 1872ರಲ್ಲಿ ಟೋಕಿಯೊದಲ್ಲಿ ಇಂಥ ಶಾಲೆ ತೆರೆದಾಗ ‘ಶಿಹಾನ್’ ಎಂದು ಕರೆದರು. ‘ಗುರು’ ಮತ್ತು ‘ಮಾದರಿ’ ಎಂಬ ಎರಡು ಅಕ್ಷರಗಳ ಜೋಡಿ ಅದು. ಚೀನೀಯರು ಬಳಸುವುದೂ ಅವೇ ಅಕ್ಷರಗಳನ್ನು. ಅನುವಾದ ಎಂದರೆ ಅದು.

ಅಮೆರಿಕದಲ್ಲಿ ಸರ್ಕಾರಿ ಹಣದಿಂದ ನಡೆದ ಮೊದಲ ನಾರ್ಮಲ್ ಸ್ಕೂಲ್ 1839ರ ಜುಲೈ 3ರಂದು ಮ್ಯಾಸಚೂಸೆಟ್ಸ್‌ನ ಲೆಕ್ಸಿಂಗ್ಟನ್‌ನಲ್ಲಿ ಆರಂಭವಾಯಿತು. ಹಿಂದೆ ನಿಂತವರು ರಾಜ್ಯದ ಶಿಕ್ಷಣ ಮಂಡಳಿಯ ಕಾರ್ಯದರ್ಶಿ ಹೊರೇಸ್ ಮ್ಯಾನ್, ಮುಖ್ಯೋಪಾಧ್ಯಾಯರು ಸೈರಸ್ ಪಿಯರ್ಸ್. ಮೊದಲ ದಿನ ಬಂದದ್ದು ಮೂವರೇ ವಿದ್ಯಾರ್ಥಿನಿಯರು. ಊರಿನ ಮಕ್ಕಳ ಮಾದರಿ ಶಾಲೆಯೊಂದು ಅದಕ್ಕೆ ಸೇರಿಕೊಂಡಿತ್ತು. ಕಲಿತ ವಿಧಾನವನ್ನು ಅಲ್ಲಿ ಪಾಠ ಮಾಡಿ ಪಳಗಿಸಿಕೊಳ್ಳಬೇಕಿತ್ತು.

ಇನ್ನೊಂದು ಗೊಂದಲವೂ ಇದೆ: ಆ ಕಾಲದ ಶಿಕ್ಷಕರಿಗೆ ಪ್ರಮಾಣಪತ್ರ ಕೊಟ್ಟದ್ದು ನಾರ್ಮಲ್ ಸ್ಕೂಲ್ ಎಂದು ಬರೆದುಬಿಡುವುದು. ನಮ್ಮ ಟಿ.ಸಿ.ಎಚ್., ಬಿ.ಎಡ್. ತಲೆಯಲ್ಲಿಟ್ಟುಕೊಂಡು ಹಳೆಯ ಕಾಲವನ್ನು ಓದಿದರೆ ಹೀಗಾಗುತ್ತದೆ. ಬಹುಮಟ್ಟಿಗೆ ತರಬೇತಿ ಒಂದು ಕಡೆ, ಪ್ರಮಾಣಪತ್ರ ಇನ್ನೊಂದು ಕಡೆ. ಮ್ಯಾಸಚೂಸೆಟ್ಸ್‌ನ 1789ರ ಕಾನೂನಿನ ಪ್ರಕಾರ ಕಾಲೇಜು ಓದದ ಶಿಕ್ಷಕ ಗ್ರೀಕ್, ಲ್ಯಾಟಿನ್ ಬಲ್ಲ ಪಾದ್ರಿಯಿಂದ ಪ್ರಮಾಣಪತ್ರ ತರಬೇಕಿತ್ತು. ನಡತೆಗೂ ಸಾಕ್ಷಿ ಬೇಕಿತ್ತು. ಮುಂದೆ ಊರಿನ ಶಾಲಾ ಸಮಿತಿಯೇ ಪರೀಕ್ಷೆ ನಡೆಸತೊಡಗಿತು. ಪಶ್ಚಿಮದ ರಾಜ್ಯಗಳಲ್ಲಿ ಆ ಕೆಲಸ ಕೌಂಟಿ (ಜಿಲ್ಲೆಯಂಥ ಆಡಳಿತ ವಿಭಾಗ) ಅಧಿಕಾರಿಯದ್ದು: ಓದು, ಕಾಗುಣಿತ, ಲೆಕ್ಕ, ವ್ಯಾಕರಣ, ಭೂಗೋಳ ಕೇಳಿ ಮೊದಲ, ಎರಡನೆಯ ಅಥವಾ ಮೂರನೆಯ ದರ್ಜೆಯ ಪತ್ರ ಕೊಡುತ್ತಿದ್ದ. ಕೆಳದರ್ಜೆಯದು ಕೆಲವು ತಿಂಗಳಿಗೇ ಮುಗಿಯಬಹುದಿತ್ತು. ಸಾಮಾನ್ಯವಾಗಿ ಅದು ಆ ಕೌಂಟಿಗಷ್ಟೇ ಸಲ್ಲುತ್ತಿದ್ದುದರಿಂದ ಗಡಿ ದಾಟಿದರೆ ಮತ್ತೆ ಪರೀಕ್ಷೆ. ನಾರ್ಮಲ್ ಸ್ಕೂಲಿನ ಬಾಗಿಲನ್ನೇ ಕಾಣದೆ ಇಡೀ ಜೀವನ ಪಾಠ ಹೇಳಿದವರು ಬಹಳ. ಅಲ್ಲಿ ಓದಿ ಬಂದವರೂ ಎಷ್ಟೋ ಕಡೆ ಸಮಿತಿಯ ಮುಂದೆ ಕೂರಬೇಕಿತ್ತು. ಪತ್ರವಿದ್ದ ಮಾತ್ರಕ್ಕೆ ತರಬೇತಿ ಆಗಿತ್ತೆಂದು ಬರೆಯುವುದು ಸಲ್ಲ.

‘ಟೀಚರ್ಸ್ ಇನ್‌ಸ್ಟಿಟ್ಯೂಟ್’ ಕೂಡ ಹೀಗೆಯೇ ಮೋಸಗೊಳಿಸುವ ಹೆಸರು. ಅದು ಕಟ್ಟಡವಿದ್ದ ಸಂಸ್ಥೆಯಲ್ಲ. 1839ರಲ್ಲಿ ಶಿಕ್ಷಣ ಸುಧಾರಕ ಹೆನ್ರಿ ಬರ್ನಾರ್ಡ್ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ ನಡೆಸಿದಂಥ, ಶಿಕ್ಷಕರಿಗಾಗಿ ಕೆಲವು ದಿನ ಅಥವಾ ವಾರಗಳ ತರಬೇತಿ ಶಿಬಿರ. ‘ಶಿಕ್ಷಕರ ಸಂಸ್ಥೆ’ ಎಂದು ಬರೆದರೆ ಓದುಗ ಅದನ್ನು ಸಂಘವೆಂದೇ ತಿಳಿಯುತ್ತಾನೆ.

ಇಪ್ಪತ್ತನೆಯ ಶತಮಾನದಲ್ಲಿ ನಾರ್ಮಲ್ ಸ್ಕೂಲುಗಳು ಶಿಕ್ಷಕರ ಕಾಲೇಜುಗಳಾಗಿ, ಆಮೇಲೆ ವಿಶ್ವವಿದ್ಯಾಲಯಗಳಾಗಿ ಬೆಳೆದವು. ಲೆಕ್ಸಿಂಗ್ಟನ್ನಿನ ಶಾಲೆ ಇಂದು ಫ್ರೇಮಿಂಗ್‌ಹ್ಯಾಮ್ ರಾಜ್ಯ ವಿಶ್ವವಿದ್ಯಾಲಯ. ಇಲಿನಾಯ್ ರಾಜ್ಯದಲ್ಲಂತೂ ನಾರ್ತ್ ಬ್ಲೂಮಿಂಗ್ಟನ್ ಎಂಬ ಊರು ತನ್ನ ನಾರ್ಮಲ್ ವಿಶ್ವವಿದ್ಯಾಲಯದಿಂದಾಗಿ 1865ರಲ್ಲಿ ‘ನಾರ್ಮಲ್’ ಎಂದೇ ಹೆಸರು ಬದಲಿಸಿಕೊಂಡಿತು.

ಕನ್ನಡದಲ್ಲಿ ‘ಶಿಕ್ಷಕರ ತರಬೇತಿ ಶಾಲೆ’ ಎನ್ನಬಹುದು. ಹಳೆಯ ದಾಖಲೆಯ ಮಾತು ಬಂದಾಗ ‘ನಾರ್ಮಲ್ ಸ್ಕೂಲ್’ ಎಂದೇ ಉಳಿಸಿಕೊಂಡರೂ ನಷ್ಟವಿಲ್ಲ.