ದಂಡ ಬೇರೆ, ಹರ್ಜಾನಾ ಬೇರೆ

ಕಲಬುರಗಿಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ಹೋದ ವಾರ ಸ್ಪರ್ಧಾತ್ಮಕ ಪರೀಕ್ಷೆಯ ಗೈಡ್ ಒಂದು ಕೈಗೆ ಸಿಕ್ಕಿತು. ಮೊದಲ ಪುಟದಲ್ಲೇ ದಪ್ಪಕ್ಷರ: ‘ನಕಲು ಮಾಡಿದವರು ಲೇಖಕರಿಗೆ 2 ಲಕ್ಷ ರೂಪಾಯಿ ದಂಡ ಕೊಡಬೇಕು.’ ಈ ಸಾಲು ನೋಡಿ ನೋಡಿ ಸಾಕಾಗಿದೆ. ದಂಡ ಕಟ್ಟುವುದು ಸರ್ಕಾರಕ್ಕೆ. ಲೇಖಕರಿಗೆ ಸಿಗಬೇಕಾದದ್ದರ ಹೆಸರೇ ಬೇರೆ.

ನಮ್ಮ ಕಡೆಯವರಿಗಂತೂ ಈ ಗೊಂದಲ ಆಗಬಾರದು. ನಿಜಾಮರ ಕಾಲದಲ್ಲಿ ಇಲ್ಲಿ ಕೋರ್ಟು ಕಚೇರಿಯ ಭಾಷೆ ಉರ್ದು. ಹಾಗಾಗಿ ಎರಡಕ್ಕೂ ಎರಡು ಪದ ಇವೆ: ಜುರ್ಮಾನಾ, ಹರ್ಜಾನಾ. ಜುರ್ಮ್ ಅಂದರೆ ಅಪರಾಧ. ಅದಕ್ಕೆ ಕಟ್ಟುವುದು ಜುರ್ಮಾನಾ. ಹರ್ಜ್ ಅಂದರೆ ನಷ್ಟ. ಅದನ್ನು ತುಂಬಿಕೊಡುವುದು ಹರ್ಜಾನಾ. ಕನ್ನಡದ ಕಾನೂನು ಪುಸ್ತಕಗಳಲ್ಲಿ ಬರುವ ‘ಜುಲ್ಮಾನೆ’ ಕೂಡ ಇದೇ ಜುರ್ಮಾನಾ. ‘ರ’ ಹೋಗಿ ‘ಲ’ ಬಂದಿದೆ, ಅಷ್ಟೇ. ಜುಲುಮೆ ಮಾಡಿ ವಸೂಲು ಮಾಡುವುದರಿಂದ ಜುಲ್ಮಾನೆ ಅಂತ ಅರ್ಥ ಹೇಳುವವರೂ ಇದ್ದಾರೆ. ಕಟ್ಟಿದವರಿಗೆ ಹಾಗೆ ಅನ್ನಿಸೀತು. ಆದರೆ ಜುಲುಮೆ ಬಂದದ್ದು ಜುಲ್ಮ್‌ನಿಂದ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಪಕ್ಕದ ಹೊಲದ ಎಮ್ಮೆ ನಿಮ್ಮ ತೊಗರಿ ಮೇಯ್ತು ಅನ್ನಿ. ಕೊಂಡವಾಡಕ್ಕೆ ಹೊಡೆದಿರಿ. ಎಮ್ಮೆಯವನು ಅದನ್ನು ಬಿಡಿಸಿಕೊಳ್ಳಲು ಪಂಚಾಯಿತಿಗೆ ಕಟ್ಟುವುದು ದಂಡ. ಅದರಿಂದ ನಿಮ್ಮ ತೊಗರಿ ವಾಪಸ್ ಬರುವುದಿಲ್ಲ. ಹೋದ ಬೆಳೆಗೆ ಅವನಿಂದ ಕೇಳಿ ಪಡೆಯುವುದು ಹರ್ಜಾನಾ. ಲೇಖಕರು ಇಲ್ಲಿ ತೊಗರಿಯವರು, ಅಲ್ವಾ?

ಇನ್ನು ಆ 2 ಲಕ್ಷ. ಅದು 1957ರ ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್ನಿನಿಂದ ಬಂದದ್ದು. ಗೊತ್ತಿದ್ದೂ ಉಲ್ಲಂಘಿಸಿದರೆ, ಅದಕ್ಕೆ ನೆರವಾದರೂ ಸರಿ, 6 ತಿಂಗಳಿಂದ 3 ವರ್ಷ ಜೈಲು, ಜೊತೆಗೆ 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಈ ‘ಜೊತೆಗೆ’ಯನ್ನು ಯಾರೂ ಓದುವುದೇ ಇಲ್ಲ. ‘ಜಾಸ್ತಿ ಅಂದ್ರೆ 2 ಲಕ್ಷ ಕಟ್ಟಿ ಬರೋದು’ ಅನ್ನುವವರನ್ನು ಕಂಡಿದ್ದೇನೆ. ಜೈಲನ್ನು ಬಿಟ್ಟು ದಂಡ ಮಾತ್ರ ಆರಿಸಿಕೊಳ್ಳಲು ಇದೇನು ಸಂತೆಯೇ? ವ್ಯಾಪಾರದ ಲಾಭಕ್ಕೆ ಮಾಡಿದ್ದಲ್ಲದಿದ್ದರೆ ನ್ಯಾಯಾಲಯ ತಕ್ಕ ಕಾರಣ ಬರೆದು ಶಿಕ್ಷೆ ಇಳಿಸಬಹುದು. ಎರಡನೇ ಸಲ ತಪ್ಪಿತಸ್ಥರಾದರೆ ಕನಿಷ್ಠವೇ 1 ವರ್ಷ, 1 ಲಕ್ಷ. ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಾದ, ಜಾಮೀನು ಹಕ್ಕಾಗಿ ಸಿಗದ ಅಪರಾಧ ಇದು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಹರ್ಜಾನಾ ಇರುವುದು 55ನೇ ಸೆಕ್ಷನ್ನಿನಲ್ಲಿ. ಹಕ್ಕು ಇದ್ದವರು ಸಿವಿಲ್ ದಾವೆ ಹೂಡಬೇಕು. ನಕಲು ನಿಲ್ಲಿಸಿ ಅನ್ನಬಹುದು, ನಷ್ಟ ಕೇಳಬಹುದು, ನಕಲು ಮಾರಿ ಗಳಿಸಿದ ಲಾಭದ ಲೆಕ್ಕವನ್ನೂ ಕೇಳಬಹುದು. ಅಲ್ಲಿ 2 ಲಕ್ಷದ ಮಿತಿ ಇಲ್ಲ. ಅಂದರೆ ಗೈಡಿನವರು ಸುಮ್ನೆ ತಮ್ಮ ಕೈಯನ್ನೇ ಕಟ್ಟಿಕೊಂಡಿದ್ದಾರೆ. ವಸೂಲಾದ ದಂಡದಲ್ಲಿ ಒಂದಿಷ್ಟನ್ನು ನ್ಯಾಯಾಲಯ ನೊಂದವರಿಗೆ ಕೊಡಿಸಲೂಬಹುದು, ನಿಜ. ಹಾಗೆ ಕೊಡಿಸಿದಾಗ ಕಾನೂನೇ ಅದನ್ನು ಪರಿಹಾರ ಅನ್ನುತ್ತದೆ.

ಅಂದ ಹಾಗೆ, ಆ ಗೈಡಿನ ಅರ್ಧದಷ್ಟು ಪುಟ 12ನೇ ಶತಮಾನದ ವಚನಗಳೇ. ಬರೆದವರು ತೀರಿಕೊಂಡು 60 ವರ್ಷವಾದರೆ ಕಾಪಿರೈಟ್ ಮುಗಿಯಿತು. ಕೆಳಗೆ ಬರೆದ ಟಿಪ್ಪಣಿಯಷ್ಟೇ ಅವರದು.