ಮಾರ್ಚ್‌ನಲ್ಲಿ ಬೇಡವಾದದ್ದು ಡಿಸೆಂಬರ್‌ನಲ್ಲಿ ಏಕೆ ಬೇಕಾಯಿತು?

ನೆರೆಯ ದೇಶದಲ್ಲಿ ಅರಾಜಕತೆ ಎದ್ದರೆ ಮಹಾಶಕ್ತಿಯೊಂದು ಸೈನ್ಯ ನುಗ್ಗಿಸುವುದೇಕೆ? ಅಂತರರಾಷ್ಟ್ರೀಯ ರಾಜಕೀಯ ಪಾಠ ಮಾಡುವ ನನಗೆ ಪ್ರತಿವರ್ಷ ಈ ಪ್ರಶ್ನೆ ಎದುರಾಗುತ್ತದೆ. ಕೇಳುವವರ ಬಳಿ ಉತ್ತರವೂ ಸಿದ್ಧವಿರುತ್ತದೆ: ಗಡಿಯ ಭದ್ರತೆ, ಸಿದ್ಧಾಂತ, ಸಂಪತ್ತು, ದುರಾಸೆ. ಯಾವುದೂ ಪೂರ್ತಿ ಸುಳ್ಳಲ್ಲ. ಆದರೆ ಇವೆಲ್ಲ ವರ್ಷಗಟ್ಟಲೆ ಇದ್ದಲ್ಲೇ ಇರುವ ಕಾರಣಗಳು. ಸೈನ್ಯ ಮಾತ್ರ ಯಾವುದೋ ಒಂದು ದಿನ ಹೊರಡುತ್ತದೆ. ಆ ದಿನವೇ ಏಕೆ?

ಇದಕ್ಕೆ ನಾನು ತೆರೆಯುವುದು ಸೋವಿಯತ್ ಸೈನ್ಯ ನುಗ್ಗಿದ 1979ರ ಅಫ್ಘಾನಿಸ್ತಾನದ ಕಡತ. ಸೋವಿಯತ್ ಒಕ್ಕೂಟ ಒಡೆದ ಮೇಲೆ, ಅದರ ಕಮ್ಯುನಿಸ್ಟ್ ಪಕ್ಷದ ಅತ್ಯುನ್ನತ ಸಮಿತಿಯಾದ ಪಾಲಿಟ್‌ಬ್ಯೂರೊ ಸಭೆಗಳ ಟಿಪ್ಪಣಿಗಳು ಹೊರಬಂದವು. ಮುಚ್ಚಿದ ಬಾಗಿಲ ಹಿಂದೆ ನಡೆದ ಮಾತುಕತೆಯನ್ನು ಇಷ್ಟು ಹತ್ತಿರದಿಂದ ಓದಲು ಸಿಗುವುದು ಅಪರೂಪ.

1978ರ ಏಪ್ರಿಲ್‌ನಲ್ಲಿ ಕಮ್ಯುನಿಸ್ಟರು ಕಾಬೂಲ್‌ನಲ್ಲಿ ಅಧಿಕಾರ ಕಿತ್ತುಕೊಂಡಿದ್ದರು. ಖಲ್ಕ್, ಪರ್ಚಮ್ ಎಂಬ ಎರಡು ಬಣಗಳ ಪಕ್ಷ ಅದು; ವೈರಿಗಳಿಗಿಂತ ಹೆಚ್ಚಾಗಿ ಪರಸ್ಪರರನ್ನೇ ದ್ವೇಷಿಸುತ್ತಿದ್ದವರು. ಅವಸರದ ಭೂಸುಧಾರಣೆ, ಬಂಧನ, ಹತ್ಯೆಗಳಿಂದ ಹಳ್ಳಿಗಳು ತಿರುಗಿಬಿದ್ದವು. 1979ರ ಮಾರ್ಚ್‌ನಲ್ಲಿ ಹೆರಾತ್ ನಗರ ದಂಗೆಯೆದ್ದಿತು, ಅಲ್ಲಿನ ಸೇನೆಯೂ ಜನರ ಜತೆ ಸೇರಿತು.

ಮಾರ್ಚ್ 18ರಂದು ಅಫ್ಘಾನ್ ನಾಯಕ ನೂರ್ ಮೊಹಮ್ಮದ್ ತರಕಿ ಮತ್ತು ಸೋವಿಯತ್ ಪ್ರಧಾನಿ ಕೊಸಿಗಿನ್ ಫೋನಿನಲ್ಲಿ ಮಾತಾಡಿದರು. ಹೆರಾತ್‌ನ ಜನ ನಿಮ್ಮ ಜತೆಗಿದ್ದಾರೆಯೇ ಎಂದು ಕೊಸಿಗಿನ್ ಕೇಳುತ್ತಾರೆ. ಇಲ್ಲ ಎನ್ನುತ್ತಾರೆ ತರಕಿ. ನಮ್ಮಲ್ಲಿ ತರಬೇತಿ ಪಡೆದ ನೂರಾರು ಅಧಿಕಾರಿಗಳಿದ್ದರಲ್ಲ, ಅವರೆಲ್ಲಿ? ಅವರಲ್ಲಿ ಹೆಚ್ಚಿನವರು ಪ್ರತಿಗಾಮಿಗಳು ಎಂಬ ಉತ್ತರ ಬರುತ್ತದೆ. ಕೊನೆಗೆ ತರಕಿಯೇ ಒಂದು ಉಪಾಯ ಮುಂದಿಡುತ್ತಾರೆ: ನಿಮ್ಮ ಉಜ್ಬೆಕ್, ತಾಜಿಕ್, ತುರ್ಕ್‌ಮೆನ್ ಯೋಧರಿಗೆ ಅಫ್ಘಾನ್ ಉಡುಪು ತೊಡಿಸಿ ಕಳಿಸಿ, ಯಾರಿಗೂ ಗುರುತು ಸಿಗುವುದಿಲ್ಲ. ಎರಡೇ ಗಂಟೆಯಲ್ಲಿ ಇಡೀ ಜಗತ್ತಿಗೆ ತಿಳಿಯುತ್ತದೆ ಎಂದು ಕೊಸಿಗಿನ್ ತಳ್ಳಿಹಾಕುತ್ತಾರೆ.

ಪಾಲಿಟ್‌ಬ್ಯೂರೊ ಕೂಡ ಬೇಡವೆಂದೇ ನಿರ್ಧರಿಸಿತು. ನಮ್ಮ ಬಂದೂಕಿನ ಮೊನೆಯ ಮೇಲಷ್ಟೇ ನಿಲ್ಲಬಲ್ಲ ಕ್ರಾಂತಿಯನ್ನು ಉಳಿಸಲು ಹೊರಡುವುದು ಸಲ್ಲದು ಎಂಬುದು ಗುಪ್ತಚರ ಸಂಸ್ಥೆ ಕೆಜಿಬಿಯ ಮುಖ್ಯಸ್ಥ ಆಂದ್ರೊಪೊವ್ ವಾದ. ಅಮೆರಿಕದ ಜತೆ ವರ್ಷಾನುಗಟ್ಟಲೆ ಕಷ್ಟಪಟ್ಟು ಸುಧಾರಿಸಿದ ಸಂಬಂಧ, ಶಸ್ತ್ರಾಸ್ತ್ರ ಮಿತಿ ಒಪ್ಪಂದ ಎಲ್ಲವೂ ಮಣ್ಣುಪಾಲಾಗುತ್ತದೆ, ಎದುರಾಳಿ ಚೀನಾಕ್ಕೆ ನಾವೇ ಉಡುಗೊರೆ ಕೊಟ್ಟಂತಾಗುತ್ತದೆ ಎಂದರು ವಿದೇಶಾಂಗ ಸಚಿವ ಗ್ರೊಮಿಕೊ. ನೆರೆಮನೆ ಹೊತ್ತಿ ಉರಿಯುತ್ತಿತ್ತು, ಮನೆಯವರೇ ಬನ್ನಿ ಬನ್ನಿ ಎಂದು ಕೂಗುತ್ತಿದ್ದರು. ಆದರೂ ಹೋಗಲಿಲ್ಲ. ಅಸ್ಥಿರತೆಯೇ ಕಾರಣವೆನ್ನುವವರು ಇಲ್ಲಿ ಒಮ್ಮೆ ನಿಂತು ಯೋಚಿಸಬೇಕು.

ಮುಂದಿನ ಒಂಬತ್ತು ತಿಂಗಳಲ್ಲಿ ಬದಲಾದದ್ದು ಮಾಸ್ಕೊದ ಲೆಕ್ಕಾಚಾರ.

ಮೊದಲನೆಯದು ನಂಬಿಕೆ. ಸೆಪ್ಟೆಂಬರ್‌ನಲ್ಲಿ ತರಕಿ ಮಾಸ್ಕೊಗೆ ಹೋಗಿ ಸೋವಿಯತ್ ನಾಯಕ ಬ್ರೆಜ್ನೆವ್ ಅವರನ್ನು ಕಂಡು ಮರಳಿದ ಕೆಲವೇ ದಿನಗಳಲ್ಲಿ, ಎರಡನೇ ಸ್ಥಾನದಲ್ಲಿದ್ದ ಹಫೀಜುಲ್ಲಾ ಅಮೀನ್ ತರಕಿಯನ್ನು ಕೆಳಗಿಳಿಸಿದ. ಅಕ್ಟೋಬರ್‌ನಲ್ಲಿ ದಿಂಬಿನಿಂದ ಉಸಿರುಗಟ್ಟಿಸಿ ಕೊಲ್ಲಿಸಿದ. ತಾನು ಅಪ್ಪಿಕೊಂಡು ಕಳಿಸಿದ ಮನುಷ್ಯನನ್ನು ಹೀಗೆ ಮುಗಿಸಿದ್ದು ಬ್ರೆಜ್ನೆವ್‌ಗೆ ವೈಯಕ್ತಿಕವಾಗಿ ನಾಟಿತು. ಅಮೀನ್ ಹಿಂದೆ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದವನು, ಈಗ ಅಮೆರಿಕದ ರಾಜತಾಂತ್ರಿಕರನ್ನೂ ಭೇಟಿಯಾಗುತ್ತಿದ್ದ. ಸಂಶಯಕ್ಕೆ ಇಷ್ಟು ಸಾಕಾಯಿತು. ಡಿಸೆಂಬರ್ ಆರಂಭದಲ್ಲಿ ಬ್ರೆಜ್ನೆವ್‌ಗೆ ಪತ್ರ ಬರೆದು, ಅಮೀನ್ ಪಶ್ಚಿಮದ ಕಡೆ ವಾಲಬಹುದೆಂದು ಎಚ್ಚರಿಸಿದವರು ಅದೇ ಆಂದ್ರೊಪೊವ್. ಅಲ್ಲಿನ ಕ್ರಾಂತಿಯಿಂದ ಅಮೆರಿಕ ಆಗಷ್ಟೇ ಮಿತ್ರನಾಗಿದ್ದ ಇರಾನ್ ಕಳೆದುಕೊಂಡಿತ್ತು. ಆ ನಷ್ಟವನ್ನು ಅದು ಪಕ್ಕದಲ್ಲೇ ತುಂಬಿಕೊಂಡರೆ? ಅಮೆರಿಕ ಅಂಥ ಯೋಜನೆ ಹಾಕಿತ್ತು ಎನ್ನಲು ಆಧಾರ ಸಿಕ್ಕಿಲ್ಲ. ಆದರೆ ಇಂಥ ನಿರ್ಧಾರಗಳಲ್ಲಿ ಎದುರಾಳಿ ಏನು ಮಾಡುತ್ತಿದ್ದಾನೆ ಎಂಬುದಕ್ಕಿಂತ ಏನು ಮಾಡಿಯಾನು ಎಂಬ ಭಯಕ್ಕೇ ತೂಕ ಜಾಸ್ತಿ.

ಎರಡನೆಯದು ಬೆಲೆ. ನನ್ನ ಲೆಕ್ಕದಲ್ಲಿ ಜನ ಕಡೆಗಣಿಸುವುದು ಇದನ್ನೇ. ಜೂನ್‌ನಲ್ಲಿ ಸಹಿಯಾದ ಶಸ್ತ್ರಾಸ್ತ್ರ ಒಪ್ಪಂದ ಅಮೆರಿಕದ ಸೆನೆಟ್‌ನಲ್ಲಿ ಸಿಕ್ಕಿಕೊಂಡಿತ್ತು. ಡಿಸೆಂಬರ್ 12ರಂದು ಅಮೆರಿಕ ನೇತೃತ್ವದ ಸೇನಾಕೂಟ ನ್ಯಾಟೊ ಯುರೋಪಿನಲ್ಲಿ 572 ಹೊಸ ಕ್ಷಿಪಣಿಗಳನ್ನು ನಿಲ್ಲಿಸಲು ತೀರ್ಮಾನಿಸಿತು. ಮಾರ್ಚ್‌ನಲ್ಲಿ ಗ್ರೊಮಿಕೊ ಕಾಪಾಡಲು ಹೊರಟಿದ್ದ ಸಂಬಂಧದಲ್ಲಿ ಈಗ ಕಾಪಾಡುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲ. ಕಳೆದುಕೊಳ್ಳುವುದು ಕಡಿಮೆಯಾದಾಗ ಕೈ ಹಗುರಾಗುತ್ತದೆ.

ಅದೇ ಡಿಸೆಂಬರ್ 12ರಂದು ಮಾಸ್ಕೊದಲ್ಲಿ ಸೈನ್ಯ ಕಳಿಸುವ ನಿರ್ಣಯ ಬರೆಯಲಾಯಿತು. ಟೈಪ್ ಮಾಡಿಸಲಿಲ್ಲ, ಪಾಲಿಟ್‌ಬ್ಯೂರೊ ಸದಸ್ಯ ಚೆರ್ನೆಂಕೊ ಕೈಬರಹದಲ್ಲೇ ಬರೆದರು. ಶೀರ್ಷಿಕೆಯಲ್ಲಿ ದೇಶದ ಹೆಸರೂ ಇಲ್ಲ, ‘ಎ’ಯಲ್ಲಿನ ಪರಿಸ್ಥಿತಿ ಎಂದಷ್ಟೇ ಇದೆ. ಯೋಜನೆ ಮುಂದಿಟ್ಟವರು ಆಂದ್ರೊಪೊವ್, ಗ್ರೊಮಿಕೊ, ರಕ್ಷಣಾ ಸಚಿವ ಉಸ್ತಿನೊವ್. ಸೇನಾ ಮುಖ್ಯಸ್ಥ ಒಗಾರ್ಕೊವ್ ಬೇಡವೆಂದಿದ್ದರು, ಕೇಳಿದವರಿಲ್ಲ. ಕೊಸಿಗಿನ್ ಆ ದಿನ ಸಭೆಯಲ್ಲಿರಲಿಲ್ಲ.

ಡಿಸೆಂಬರ್ 25ರಂದು ಪಡೆಗಳು ಗಡಿಯ ನದಿ ಆಮು ದರಿಯಾ ದಾಟಿದವು. ಸೋವಿಯತ್ ಸೈನ್ಯ ಬೇಕೆಂದು ಅಮೀನ್ ತಾನೇ ಕೇಳಿಕೊಂಡಿದ್ದ, ಬರುತ್ತಿದೆಯೆಂದು ಖುಷಿಯಾಗಿದ್ದ. 27ರಂದು ತಾಜ್‌ಬೆಗ್ ಅರಮನೆಯಲ್ಲಿ ಅವನ ಊಟಕ್ಕೆ ಕೆಜಿಬಿ ವಿಷ ಬೆರೆಸಿತು. ವಿಷಯ ಗೊತ್ತಿಲ್ಲದ ಸೋವಿಯತ್ ವೈದ್ಯರು ಬಂದು ಅವನನ್ನು ಬದುಕಿಸಿದರು! ಸಂಜೆಯ ದಾಳಿಯಲ್ಲಿ ಅಮೀನ್ ಸತ್ತ. ಚಿಕಿತ್ಸೆ ಕೊಟ್ಟ ವೈದ್ಯರಲ್ಲೊಬ್ಬರೂ ಸತ್ತರು. ದಾಳಿ ಮಾಡಿದವರಲ್ಲಿ ಅರಮನೆಯ ಕಾವಲಿಗೆಂದು ಬಂದಿದ್ದ ಸೋವಿಯತ್ ಬೆಟಾಲಿಯನ್ ಇತ್ತು: ಅಫ್ಘಾನ್ ಸಮವಸ್ತ್ರ ತೊಟ್ಟ ಉಜ್ಬೆಕ್, ತಾಜಿಕ್, ತುರ್ಕ್‌ಮೆನ್ ಯೋಧರು. ಮಾರ್ಚ್‌ನಲ್ಲಿ ತರಕಿ ಕೇಳಿದ್ದ ವೇಷ ಅದೇ.

ಜಗತ್ತಿಗೆ ಹೇಳಿದ್ದು ಬೇರೆ ಮಾತು: 1978ರ ಸ್ನೇಹ ಒಪ್ಪಂದದಂತೆ ಅಫ್ಘಾನ್ ಸರ್ಕಾರ ಕರೆದಿದ್ದರಿಂದ ಹೋದೆವು. ಕರೆದವನನ್ನೇ ಕೊಂದದ್ದನ್ನು ವಿವರಿಸುವುದು ಸುಲಭವಿರಲಿಲ್ಲ. ಆಹ್ವಾನದ ಈ ಹಪಾಹಪಿ ಮಾಸ್ಕೊಗೆ ಮೀಸಲಲ್ಲ. 1983ರಲ್ಲಿ ಅಮೆರಿಕ ಗ್ರೆನಡಾಕ್ಕೆ ಇಳಿದಾಗಲೂ ಪೂರ್ವ ಕೆರಿಬಿಯನ್ ರಾಷ್ಟ್ರಗಳು ಕರೆದವೆಂದೇ ಹೇಳಿತು.

ಮಾಸ್ಕೊದ ಅಂದಾಜಿನಲ್ಲಿ ಇದು ಅಲ್ಪಕಾಲದ ಕೆಲಸ: ನಗರ, ರಸ್ತೆಗಳನ್ನು ಕಾಯುವುದು ತಮ್ಮ ಪಾಲು, ಹೋರಾಟ ಅಫ್ಘಾನ್ ಸೇನೆಯ ಪಾಲು. ಕೊನೆಯ ಪಡೆ ಸೇತುವೆ ದಾಟಿ ಮರಳಿದ್ದು 1989ರ ಫೆಬ್ರುವರಿ 15ರಂದು. ಅಷ್ಟರಲ್ಲಿ ಸತ್ತ ಸೋವಿಯತ್ ಯೋಧರೇ ಸುಮಾರು 15,000.

ಸೈನ್ಯ ವಾಪಸಾತಿ ಕುರಿತು ಆಗಿನ ಸೋವಿಯತ್ ನಾಯಕ ಗೊರ್ಬಚೆವ್ 1986ರ ನವೆಂಬರ್‌ನಲ್ಲಿ ಕರೆದ ಸಭೆಯಲ್ಲಿ ಗ್ರೊಮಿಕೊ ಇನ್ನೂ ಇದ್ದರು. ಅಂದು ನಾವು ಕಷ್ಟಗಳನ್ನು ಕಡಿಮೆ ಅಂದಾಜು ಮಾಡಿದೆವು ಎಂದು ಅವರು ಒಪ್ಪಿಕೊಂಡರು. 1979ರ ಮಾರ್ಚ್‌ನ ಟಿಪ್ಪಣಿ ತೆರೆದರೆ, ಆ ಕಷ್ಟಗಳನ್ನು ಒಂದೊಂದಾಗಿ ಎಣಿಸಿ ಹೇಳಿದವರ ಸಾಲಿನಲ್ಲಿ ಅವರದೇ ಹೆಸರಿದೆ.