ಒಮಾಹಾ ಹೈ-ಲೋ: ಅರ್ಧ ಪಾಟ್ ನೋಡಿ ಆಡಬೇಡಿ

ಬೇಸಿಗೆಯಲ್ಲಿ ವಿಜಯಪುರದ ಸೆಕೆಗೆ ಮನೆಯೊಳಗೆ ನಿದ್ದೆ ಹತ್ತುವುದಿಲ್ಲ. ರಾತ್ರಿ ಮಾಳಿಗೆ ಮೇಲೆ ಚಾಪೆ ಹಾಸಿಕೊಂಡು ನಾವು ಐದು ಜನ ಒಮಾಹಾ ಹೈ-ಲೋ ಅನ್ನುವ ಪೋಕರ್ ಇಸ್ಪೀಟ್ ಆಟ ಕಲಿಯುತ್ತಿದ್ದೇವೆ. ಪಣಕ್ಕೆ ಹುಣಸೆ ಬೀಜ, ದುಡ್ಡಿಲ್ಲ. ನೀವೂ ಹಾಗೇ ಕಲಿಯಿರಿ. ಆನ್‌ಲೈನ್‌ನಲ್ಲಿ ದುಡ್ಡಿಟ್ಟು ಆಡುವುದಕ್ಕೆ 2025ರ ಕೇಂದ್ರ ಕಾನೂನಿನಲ್ಲಿ ನಿಷೇಧವೇ ಇದೆ.

ಪ್ರತಿಯೊಬ್ಬರಿಗೆ ನಾಲ್ಕು ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ, ಮೊದಲು ಮೂರು, ಆಮೇಲೆ ಒಂದು, ಮತ್ತೊಂದು. ಕೊನೆಗೆ ಪಾಟ್ (ಎಲ್ಲರೂ ಹಾಕಿದ ಪಣದ ರಾಶಿ) ಎರಡು ಭಾಗ ಆಗುತ್ತದೆ, ಅರ್ಧ ದೊಡ್ಡ ಕೈಗೆ (ಹೈ), ಅರ್ಧ ಸಣ್ಣ ಕೈಗೆ (ಲೋ). ತೀನ್ ಪತ್ತಿ ಆಡಿ ಬಂದವರು ಒಂದು ಮಾತು ನೆನಪಿಡಿ: ಅಲ್ಲಿ ಕಲರ್‌ಗಿಂತ (ಎಲ್ಲ ಎಲೆ ಒಂದೇ ಬಣ್ಣ, ಅಂದರೆ ಒಂದೇ ಗುರುತು) ಸೀಕ್ವೆನ್ಸ್ (ಒಂದರ ಹಿಂದೊಂದು ಸಾಲಾದ ಎಲೆ) ದೊಡ್ಡದು, ಪೋಕರ್‌ನಲ್ಲಿ ಸೀಕ್ವೆನ್ಸ್‌ಗಿಂತ ಕಲರ್ ದೊಡ್ಡದು.

ಲೋ ಅಂದರೆ 8 ಅಥವಾ ಅದಕ್ಕಿಂತ ಕೆಳಗಿನ, ಒಂದಕ್ಕೊಂದು ಬೇರೆಯಾದ ಐದು ಎಲೆ. ಎಕ್ಕ ಇಲ್ಲಿ 1. ಸೀಕ್ವೆನ್ಸ್ ಅಥವಾ ಕಲರ್ ಆದರೂ ಲೋ ಕೆಡುವುದಿಲ್ಲ, ಹಾಗಾಗಿ ಎಕ್ಕ-2-3-4-5 ಎಲ್ಲಕ್ಕಿಂತ ಒಳ್ಳೆಯ ಲೋ, ಜೊತೆಗೆ ಹೈಗೂ ಸೀಕ್ವೆನ್ಸ್. ಹೋಲಿಸುವಾಗ ದೊಡ್ಡ ಎಲೆಯಿಂದ ಕೆಳಗೆ ಬನ್ನಿ. 7-6-5-4-3 ನೋಡಲು ಕಳಪೆ ಅನಿಸಿದರೂ 8-4-3-2-ಎಕ್ಕವನ್ನು ಸೋಲಿಸುತ್ತದೆ. ನಡುವೆ 8ರ ಒಳಗಿನ ಮೂರು ಬೇರೆ ಬೇರೆ ಎಲೆ ಬರದಿದ್ದರೆ ಲೋ ಯಾರಿಗೂ ಇಲ್ಲ, ಪಾಟ್ ಪೂರ್ತಿ ಹೈಗೆ.

ಎಲ್ಲರೂ ಎಡವುವುದು ಒಂದೇ ನಿಯಮದಲ್ಲಿ. ಕೈಯಿಂದ ಎರಡೇ ಎಲೆ, ನಡುವಿನಿಂದ ಮೂರೇ ಎಲೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಮೊನ್ನೆ ನಡುವೆ ಎಕ್ಕ, 2, 3, 4, 9 ಬಂದಿತ್ತು. ನನ್ನ ಕೈಯಲ್ಲಿ 5, ಎರಡು ರಾಣಿ, ಒಂದು ಗುಲಾಮ. ಒಂದರಿಂದ ಐದು ಪೂರ್ತಿ ಆಯಿತು ಅಂದುಕೊಂಡು ಬೀಜ ಎಲ್ಲ ಮುಂದೆ ತಳ್ಳಿದೆ. ಕೈಯಿಂದ ಸಣ್ಣ ಎಲೆ ಒಂದೇ ಇತ್ತು ಅಲ್ವಾ, ಲೋನೂ ಇಲ್ಲ, ಸೀಕ್ವೆನ್ಸೂ ಇಲ್ಲ. ಆದರೆ ಹೈಗೆ ಕೈಯ ಎರಡು ಎಲೆ, ಲೋಗೆ ಬೇರೆ ಎರಡು ಎಲೆ ಬಳಸಬಹುದು, ಅದಕ್ಕೆ ಅಡ್ಡಿ ಇಲ್ಲ.

ಎಕ್ಕ-2 ಬಂತು ಅಂದರೆ ಎಲ್ಲರಿಗೂ ಖುಷಿ. ಆದರೆ ನಡುವೆ 3, 7, 8 ಇದ್ದಾಗ ಮುಂದಿನ ಎಲೆ 2 ಬಂದುಬಿಟ್ಟರೆ? ನಿಮ್ಮದು 8-7-3-2-ಎಕ್ಕಕ್ಕೇ ನಿಲ್ಲುತ್ತದೆ, ಎಕ್ಕ-4 ಹಿಡಿದವರು 7-4-3-2-ಎಕ್ಕ ಮಾಡಿ ಗೆಲ್ಲುತ್ತಾರೆ. ಅದಕ್ಕೇ ಎಕ್ಕ-2 ಜೊತೆ ಇನ್ನೊಂದು ಸಣ್ಣ ಎಲೆ ಇರಬೇಕು. ಎರಡು ಎಕ್ಕ, 2, 3 ಬಂದು 2, 3 ಒಂದೊಂದು ಎಕ್ಕದ ಬಣ್ಣದವೇ ಆಗಿದ್ದರೆ ಅದಕ್ಕಿಂತ ಒಳ್ಳೆಯ ಶುರು ಇಲ್ಲ. ಕೈಗೆ 7, 8, 9 ತರಹದ ಮಧ್ಯಮ ಎಲೆ ಬಂದರೆ ಬಿಟ್ಟುಬಿಡಿ.

ಈಗ ಲೆಕ್ಕ. ಮೂವರು ತಲಾ 60 ಬೀಜ ಹಾಕಿದರು, ಪಾಟ್ 180. ಹೈಗೆ 90. ಲೋದಲ್ಲಿ ನಿಮ್ಮದೂ ಇನ್ನೊಬ್ಬರದೂ ಒಂದೇ ಎಲೆ, ಆ 90 ಇಬ್ಬರಿಗೂ 45ರಂತೆ. 60 ಹಾಕಿ 45 ತಗೊಂಡಿರಿ, ಗೆದ್ದೂ 15 ಹೋಯಿತು. ನಾಲ್ವರಿದ್ದರೆ 60ಕ್ಕೆ 60, ಐವರಿದ್ದರೆ 75. ಇದು ನನಗೆ ಅರ್ಥವಾದ ದಿನದಿಂದ ನಾನು ಬರೀ ಲೋ ನಂಬಿ ಪಣ ಏರಿಸುವುದನ್ನು ಬಿಟ್ಟೆ.

ಒಂದು ಕೈ ಬಿಡಿಸಿ ನೋಡಿ. ನಡುವೆ 2, 5, ರಾಜ, 7, ಗುಲಾಮ, ಒಂದೇ ಬಣ್ಣದ ಮೂರು ಎಲೆ ಇಲ್ಲ. ನಿಮ್ಮ ಕೈಯಲ್ಲಿ ಎಕ್ಕ, 3, ರಾಜ, 9. ಲೋ 7-5-3-2-ಎಕ್ಕ, ಇದಕ್ಕಿಂತ ಒಳ್ಳೆಯದು ಇಲ್ಲಿ ಆಗುವುದೇ ಇಲ್ಲ. ಹೈ ಮಾತ್ರ ಬರೀ ರಾಜನ ಜೋಡಿ. ಎದುರಿನ ಇಬ್ಬರೂ ಒಬ್ಬರ ಮೇಲೊಬ್ಬರು ಏರಿಸುತ್ತಿದ್ದರೆ ಅವರಲ್ಲಿ ಒಬ್ಬರ ಬಳಿಯೂ ಎಕ್ಕ-3 ಇರಬಹುದು. ನೀವು ಏರಿಸಬೇಡಿ, ಸುಮ್ನೆ ಕಾಲ್ ಮಾಡಿ, ಅಂದರೆ ಅವರು ಹಾಕಿದಷ್ಟೇ ಹಾಕಿ.